ನಿದ್ದೆ ಮಾತ್ರೆ ಮತ್ತು ಅಜ್ಜಿಯ ಹಾಡು: ಮಂಪರು ಮದ್ದುಗಳು ನೆನಪಿಗೆ ಮಾಡುವುದೇನು?

ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಆಡಿದ ಮಾತನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಕೆಲವು ಕಡೆ ತಿದ್ದಿದ್ದೇನೆ, ಕೆಲವು ಕಡೆ ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.

ಸೇಲಂ ಜಿಲ್ಲೆಯ ದೇವಾಂಗ ನೇಕಾರರ ಮನೆಗಳಲ್ಲಿ, ಧರ್ಮಪುರಿ ಕಡೆಯ ಹಳ್ಳಿಗಳಲ್ಲಿ ಕನ್ನಡದ ಹಾಡು ಸಂಗ್ರಹಿಸಲು ಹೋದಾಗ ನನಗೆ ಮತ್ತೆ ಮತ್ತೆ ಎದುರಾದ ಮಾತು ಒಂದೇ: “ಅಜ್ಜಿಗೆ ಮೊದ್ಲು ಬೆಳಗಾಗೋವರೆಗೂ ಹಾಡೋವಷ್ಟು ಬರ್ತಿತ್ತು. ನಿದ್ದೆ ಮಾತ್ರೆ ನುಂಗೋಕೆ ಶುರು ಮಾಡಿದ ಮೇಲೆ ಎಲ್ಲಾ ಅಳಿಸಿಹೋಯ್ತು.” ಹೇಳುವವರು ಸೊಸೆಯೋ ಮೊಮ್ಮಗನೋ ಆಗಿರುತ್ತಾರೆ. ನಾವು ಕ್ಷೇತ್ರಕಾರ್ಯದ ಪುಸ್ತಕದಲ್ಲಿ ‘ವಕ್ತೃವಿಗೆ ಮರೆವು’ ಎಂದು ಒಂದು ಸಾಲು ಬರೆದು ಮುಂದಿನ ಮನೆಗೆ ಹೊರಡುತ್ತೇವೆ. ಈ ಪ್ರಬಂಧದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ: ಆ ಸಾಲು ಬಹುಮಟ್ಟಿಗೆ ತಪ್ಪು. ನಿದ್ದೆ ಮಾತ್ರೆ ಹಳೆಯ ಹಾಡನ್ನು ಅಳಿಸುವುದಿಲ್ಲ. ಅದು ಬೇರೆ ಏನನ್ನೋ ತಡೆಯುತ್ತದೆ. ಅದು ಯಾವುದನ್ನು ಎಂಬುದು ಹಾಡು ಸಂಗ್ರಹಿಸುವವರಿಗೆ ಗೊತ್ತಿರಬೇಕು.

ಸೇಲಂನಲ್ಲಿ ಇದು ಯಾಕೆ ಅಷ್ಟು ಮುಖ್ಯ ಅಂದರೆ, ಇಲ್ಲಿಯ ಕನ್ನಡಕ್ಕೆ ಕಾಗದದ ಆಸರೆ ಇಲ್ಲ. ಹೊಸೂರು, ತಾಳವಾಡಿ ಕಡೆ ಕನ್ನಡ ಶಾಲೆಗಳಿವೆ. ಸೇಲಂನ ಮಗ್ಗದ ಮನೆಗಳಲ್ಲಿ ಹಾಗಲ್ಲ. ಅಡುಗೆಮನೆಯ ಮಾತು ಕನ್ನಡ, ಓದುವ ಅಕ್ಷರ ತಮಿಳು. ಚೌಡೇಶ್ವರಿಯ ಹಬ್ಬದಲ್ಲಿ ಹೇಳುವ ಪದ, ಹಸೆ ಹಾಡು, ತೊಟ್ಟಿಲ ಹಾಡು ಇವೆಲ್ಲ ಎಲ್ಲಿವೆ ಅಂತ ಕೇಳಿದರೆ, ಎಪ್ಪತ್ತು ಎಂಬತ್ತು ದಾಟಿದ ಕೆಲವರ ತಲೆಯಲ್ಲಿವೆ. ಆ ತಲೆಯ ಪಕ್ಕ, ದಿಂಬಿನ ಕೆಳಗೆ, ಮಾತ್ರೆಯ ಪಟ್ಟಿಯೂ ಇದೆ. (ಛಂದಸ್ಸಿನ ತರಗತಿಯಲ್ಲಿ ‘ಮಾತ್ರೆ’ ಎಣಿಸಿ ಬಂದವರಿಗೆ ಈ ಮಾತ್ರೆಯನ್ನೂ ಎಣಿಸಬೇಕಾಗಿ ಬಂದದ್ದು ತಮಾಷೆಯೇ.)

‘ಗ್ಯಾನ’ ಎಂಬ ಒಂದು ಪದ

ಮೊದಲು ಪದದಿಂದಲೇ ಶುರು ಮಾಡುತ್ತೇನೆ, ಅದು ನನಗೆ ಗೊತ್ತಿರುವ ದಾರಿ. ನಮ್ಮ ಆಡುಮಾತಿನಲ್ಲಿ ‘ಗ್ಯಾನ ಇಲ್ಲ’ ಅಂದರೆ ಎರಡು ಅರ್ಥ. ಒಂದು, ಎಚ್ಚರ ತಪ್ಪಿದೆ. ಇನ್ನೊಂದು, ನೆನಪಿಲ್ಲ. “ಅವ್ನು ಬಿದ್ದಾಗ ಗ್ಯಾನ ಇರ್ಲಿಲ್ಲ” ಅಂತಲೂ ಹೇಳುತ್ತೇವೆ, “ಆ ಹಾಡಿನ ಕೊನೆ ಗ್ಯಾನಕ್ಕೆ ಬರ್ತಿಲ್ಲ” ಅಂತಲೂ ಹೇಳುತ್ತೇವೆ. ಎಚ್ಚರ ಇದ್ದರೆ ನೆನಪೂ ಇರುತ್ತದೆ, ಎಚ್ಚರ ಹೋದರೆ ನೆನಪೂ ಹೋಗುತ್ತದೆ ಎಂಬ ನಂಬಿಕೆ ಈ ಪದದೊಳಗೇ ಕೂತಿದೆ. ವೈದ್ಯಕೀಯ ಕನ್ನಡದ ‘ಅರಿವಳಿಕೆ’ಯೂ ಹೀಗೆಯೇ. ಅರಿವು ಅಳಿದರೆ ನೋವೂ ಇಲ್ಲ, ನೆನಪೂ ಇಲ್ಲ.

ಮಂಪರು ಮದ್ದುಗಳು ಈ ಎರಡನ್ನೂ ಬಿಡಿಸಿ ತೋರಿಸುತ್ತವೆ. ಎಂಡೋಸ್ಕೋಪಿ ಮಾಡುವಾಗ ಎಷ್ಟೋ ಆಸ್ಪತ್ರೆಗಳಲ್ಲಿ ಮಿಡಜೋಲಾಂ ಎಂಬ ಔಷಧಿ ಕೊಡುತ್ತಾರೆ. ರೋಗಿ ಕಣ್ಣು ಬಿಟ್ಟಿರಬಹುದು, “ಮಗ್ಗುಲಾಗಿ” ಅಂದರೆ ಮಗ್ಗುಲಾಗಬಹುದು, “ನೋವಿದೆಯಾ” ಅಂದರೆ ಉತ್ತರ ಕೊಡಬಹುದು. ಒಂದು ಗಂಟೆ ಬಿಟ್ಟು ಕೇಳಿದರೆ, “ಯಾವಾಗ ಶುರು ಮಾಡ್ತೀರಾ ಡಾಕ್ಟ್ರೇ?” ಅನ್ನುತ್ತಾರೆ. ಆ ಹೊತ್ತಿನಲ್ಲಿ ಅರಿವು ಇತ್ತು. ದಾಖಲೆ ಆಗಲಿಲ್ಲ. ಇದನ್ನು ‘ಅಳಿಕೆ’ ಎಂದು ಕರೆಯುವುದೂ ಸರಿಯಲ್ಲ, ಯಾಕೆಂದರೆ ಅಳಿಸಲು ಅಲ್ಲಿ ಏನೂ ಬರೆದಿರಲೇ ಇಲ್ಲ.

ಸಾಹಿತ್ಯದ ಮರೆವು ಸಾಮಾನ್ಯವಾಗಿ ಇದರ ತಿರುಗುಮುರುಗು. ದುಷ್ಯಂತ ಮರೆಯುವುದು ಹಳೆಯದನ್ನು, ಉಂಗುರ ಕಂಡಾಗ ಮರಳುವುದೂ ಹಳೆಯದೇ. ಸಿನಿಮಾದಲ್ಲಿ ತಲೆಗೆ ಪೆಟ್ಟು ಬಿದ್ದ ನಾಯಕ ಹೆಂಡತಿಯ ಹೆಸರು ಮರೆಯುತ್ತಾನೆ, ಎರಡನೇ ಪೆಟ್ಟಿಗೆ ನೆನಪಾಗುತ್ತದೆ. ಇಂಥದ್ದನ್ನೇ ಓದಿ ನೋಡಿ ಬೆಳೆದ ನಮಗೆ, ಮದ್ದಿನ ಮರೆವು ಅಂದರೂ ಹಿಂದಿನದು ಹೋಗುವುದು ಎಂದೇ ತೋಚುತ್ತದೆ. ಮಾತ್ರೆಯ ಮರೆವು ಮುಂದಕ್ಕೆ ಹೋಗುತ್ತದೆ. ನುಂಗಿದ ಮೇಲೆ ನಡೆದದ್ದು ನಿಲ್ಲುವುದಿಲ್ಲ, ನುಂಗುವ ಮೊದಲು ಕಲಿತದ್ದು ಉಳಿದಿರುತ್ತದೆ.

ಒಳಗೆ ನಡೆಯುವುದು

ನಾನು ವಿಜ್ಞಾನದ ವಿದ್ಯಾರ್ಥಿನಿ ಅಲ್ಲ, ಓದಿ ತಿಳಿದದ್ದನ್ನು ಸರಳವಾಗಿ ಹೇಳುತ್ತೇನೆ. ನೆನಪಿಗೆ ಮೂರು ಕೆಲಸ ಇದೆ: ಗ್ರಹಿಸಿ ದಾಖಲಿಸುವುದು, ಅದನ್ನು ಗಟ್ಟಿ ಮಾಡಿ ಇಡುವುದು, ಬೇಕಾದಾಗ ಹೊರತೆಗೆಯುವುದು. ಮೊದಲ ಎರಡು ಕೆಲಸಕ್ಕೆ ಮಿದುಳಿನ ಎರಡೂ ಬದಿಯಲ್ಲಿ, ಕಿವಿಯ ನೇರಕ್ಕೆ ಒಳಗಿರುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ಬಹಳ ಮುಖ್ಯ. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ 1953ರಲ್ಲಿ, ಮೂರ್ಛೆರೋಗ ನಿಲ್ಲಿಸಲೆಂದು, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯ ಎರಡೂ ಬದಿಯ ಈ ಭಾಗದ ಬಹುಪಾಲನ್ನು ತೆಗೆದುಹಾಕಿದ. ಆಮೇಲೆ ಮೊಲೈಸನ್‌ಗೆ ಬಾಲ್ಯ ನೆನಪಿತ್ತು, ಮಾತು ಇತ್ತು, ಬುದ್ಧಿ ಇತ್ತು. ಹೊಸದು ಮಾತ್ರ ನಿಲ್ಲಲಿಲ್ಲ. ಅವನನ್ನು ವರ್ಷಗಟ್ಟಲೆ ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಪ್ರತಿ ಸಲವೂ ಅವನಿಗೆ ಹೊಸಬರೇ. ಆದರೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವುದನ್ನು ಅವನ ಕೈ ದಿನದಿಂದ ದಿನಕ್ಕೆ ಚೆನ್ನಾಗಿ ಕಲಿಯಿತು, ತಾನು ಕಲಿತಿದ್ದೇನೆ ಎಂಬ ನೆನಪಿಲ್ಲದೆಯೇ.

ಮೊಲೈಸನ್‌ಗೆ ಶಾಶ್ವತವಾಗಿ ಆದದ್ದರ ಒಂದು ಮಬ್ಬು ನಕಲನ್ನು ಮಂಪರು ಮಾತ್ರೆ ಕೆಲವು ಗಂಟೆಗಳ ಮಟ್ಟಿಗೆ ಮಾಡುತ್ತದೆ. ಮಿದುಳಿನಲ್ಲಿ ನರಕೋಶಗಳ ಸದ್ದಡಗಿಸುವ ‘ಗಾಬಾ’ ಎಂಬ ರಾಸಾಯನಿಕ ಸ್ವಾಭಾವಿಕವಾಗಿಯೇ ಇದೆ. ಬೆಂಜೊಡಯಾಜೆಪೈನ್ ಗುಂಪಿನ ಔಷಧಿಗಳು ಆ ಗಾಬಾದ ಕೈ ಬಲಪಡಿಸುತ್ತವೆ. ಡಯಾಜೆಪಾಂ, ಆಲ್‌ಪ್ರಾಜೊಲಾಂ, ಲೊರಾಜೆಪಾಂ ಇವೆಲ್ಲ ಈ ಗುಂಪಿನವು. ಈ ಮನೆತನದ ಮೊದಲನೆಯದು ಲಿಯೊ ಸ್ಟರ್ನ್‌ಬಾಕ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಶಾಲೆಯಿಂದ ಬಂದು 1960ರಲ್ಲಿ ಮಾರುಕಟ್ಟೆ ಸೇರಿತು. ವೇಲಿಯಂ ಬಂದದ್ದು 1963ರಲ್ಲಿ. ಗಾಬಾ ಬಲವಾದಾಗ ಆತಂಕ ಇಳಿಯುತ್ತದೆ, ನಿದ್ದೆ ಬರುತ್ತದೆ, ಸ್ನಾಯು ಸಡಿಲವಾಗುತ್ತದೆ. ಜೊತೆಗೆ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ಗಂಟು ಬೀಳಬೇಕಾದ ನರಸಂಧಿಗಳೂ ತಣ್ಣಗಾಗುತ್ತವೆ. ಮಗ್ಗದ ಮಾತಿನಲ್ಲಿ ಹೇಳುವುದಾದರೆ ಹಾಸು ಇದೆ, ಲಾಳಿಯೂ ಓಡುತ್ತಿದೆ, ಹೊಕ್ಕು ಮಾತ್ರ ಕೂರುತ್ತಿಲ್ಲ.

ಇಲ್ಲಿ ಒಂದು ಸೋಜಿಗ ಇದೆ. ಪದಗಳ ಪಟ್ಟಿಯನ್ನು ಮೊದಲು ಕಲಿಸಿ, ಆಮೇಲೆ ಮಾತ್ರೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ, ಮೊದಲು ಕಲಿತದ್ದು ಮಾತ್ರೆ ತೆಗೆದುಕೊಳ್ಳದವರಿಗಿಂತ ಚೆನ್ನಾಗಿಯೇ ನೆನಪಿಗೆ ಬಂದದ್ದುಂಟು. ಹೊಸದು ಒಳಗೆ ಬರದೆ ಇರುವುದರಿಂದ ಹಳೆಯದಕ್ಕೆ ಅಡ್ಡಿ ಕಡಿಮೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಹಾಡು ಸಂಗ್ರಹಿಸುವವರಿಗೆ ಇದು ಸಣ್ಣ ವಿಷಯ ಅಲ್ಲ.

ಹಾಗಾದರೆ ಅಜ್ಜಿಗೆ ಹಾಡು ಯಾಕೆ ಬರುತ್ತಿಲ್ಲ? ವಯಸ್ಸಾದ ಶರೀರ ಮದ್ದನ್ನು ಬೇಗ ಹೊರಹಾಕುವುದಿಲ್ಲ. ಆಲ್‌ಪ್ರಾಜೊಲಾಂ ಅರ್ಧಕ್ಕೆ ಇಳಿಯಲು ಪ್ರಾಯದವರಲ್ಲಿ ಸುಮಾರು 11 ಗಂಟೆ ಬೇಕಾದರೆ ವಯಸ್ಸಾದವರಲ್ಲಿ ಸುಮಾರು 16 ಗಂಟೆ. ಡಯಾಜೆಪಾಂ ಶರೀರದೊಳಗೆ ಇನ್ನೊಂದು ರೂಪ ತಾಳಿ ದಿನಗಟ್ಟಲೆ ಉಳಿಯುತ್ತದೆ. ರಾತ್ರಿ ಒಂಬತ್ತಕ್ಕೆ ನುಂಗಿದ್ದರ ಪಾಲು ಬೆಳಿಗ್ಗೆ ನಾವು ರೆಕಾರ್ಡರ್ ಹಿಡಿದು ಕೂತಾಗಲೂ ರಕ್ತದಲ್ಲಿದೆ. ಗಮನ ಜಾರುತ್ತದೆ, ಸಾಲು ನಡುವೆ ತುಂಡಾಗುತ್ತದೆ, ಈಗಷ್ಟೇ ಯಾವ ನುಡಿ ಹಾಡಿದೆ ಎಂಬುದೇ ತಪ್ಪಿ ಅದನ್ನೇ ಎರಡು ಸಲ ಹಾಡುತ್ತಾರೆ. ಅದು ಹಾಡು ಕಳೆದದ್ದಲ್ಲ, ಆ ಹೊತ್ತಿಗೆ ಕೈಗೆ ಸಿಗದೆ ಇರುವುದು. ಮೆಟ್ಟೂರು ಅಣೆಕಟ್ಟು ಮುಗಿದದ್ದು 1934ರಲ್ಲಿ. ಮುಳುಗಿದ ಊರಿನ ಗುಡಿಯ ನಂದಿ ಪಣ್ಣವಾಡಿಯ ಹತ್ತಿರ ನೀರು ಇಳಿದಾಗಲೆಲ್ಲ ಈಗಲೂ ಕಾಣುತ್ತದೆ. ನೀರು ತುಂಬಿದ ತಿಂಗಳಲ್ಲಿ ಹೋಗಿ ‘ಇಲ್ಲಿ ನಂದಿ ಇಲ್ಲ’ ಅಂತ ಬರೆದುಕೊಂಡು ಬಂದರೆ ಹೇಗೆ?

ಇನ್ನೂ ಒಂದು ವಿಚಾರ. ಹಾಡು ಅನ್ನುವುದು ಬರೀ ‘ನೆನಪು’ ಅಲ್ಲ. ನಿನ್ನೆ ಯಾರು ಬಂದರು ಎಂಬ ಘಟನೆಯ ನೆನಪು ಬೇರೆ, ಅಕ್ಕಿಗೆ ಅಕ್ಕಿ ಅನ್ನುತ್ತಾರೆ ಎಂಬ ತಿಳಿವಿನ ನೆನಪು ಬೇರೆ ಎಂದು ಎಂಡೆಲ್ ಟುಲ್ವಿಂಗ್ 1972ರಲ್ಲಿ ವಿಂಗಡಿಸಿದ. ಕೈಕಸುಬಿನ ನೆನಪು ಮೂರನೆಯದು. ಐವತ್ತು ವರ್ಷ ಹಾಡಿದ ಹಾಡು ನನ್ನ ಪ್ರಕಾರ ಈ ಕೊನೆಯ ಎರಡರ ನಡುವೆ ಎಲ್ಲೋ ಇದೆ. ಒಂದು ಸಾಲಿನ ರಾಗ ಮುಂದಿನ ಸಾಲನ್ನು ಎಳೆದು ತರುತ್ತದೆ. ಅದಕ್ಕೇ ‘ಆ ಹಾಡಿನ ಮೂರನೇ ನುಡಿ ಹೇಳಿ’ ಅಂದರೆ ಬರುವುದಿಲ್ಲ, ಮೊದಲಿನಿಂದ ಹಿಡಿದರೆ ಬರುತ್ತದೆ. ಮಂಪರು ಮದ್ದಿನ ಪೆಟ್ಟು ಎಲ್ಲಕ್ಕಿಂತ ಹೆಚ್ಚು ಬೀಳುವುದು ಮೊದಲನೆಯದಕ್ಕೆ, ಹೊಸ ಘಟನೆಯ ನೆನಪಿಗೆ.

ಹೆಂಡ, ಉಮ್ಮತ್ತಿ

ಮಂಪರು ಮದ್ದು ಅಂದ ಕೂಡಲೇ ಮಾತ್ರೆ ಕಣ್ಣಿಗೆ ಬರುತ್ತದೆ. ಈ ಸೀಮೆಯ ಹಳೆಯ ಮಂಪರು ಮದ್ದು ಹೆಂಡ ಮತ್ತು ಸಾರಾಯಿ. ಬ್ರಿಟಿಷರ ಕಾಲದ ಮದ್ರಾಸ್ ಪ್ರಾಂತ್ಯದಲ್ಲಿ ಪಾನನಿಷೇಧ ಮೊಟ್ಟಮೊದಲು ಜಾರಿಗೆ ಬಂದದ್ದೂ ಸೇಲಂ ಜಿಲ್ಲೆಯಲ್ಲೇ, 1937ರ ಅಕ್ಟೋಬರ್ 1ರಂದು. ಆಗ ಪ್ರಧಾನಿಯಾಗಿದ್ದ ರಾಜಾಜಿ ಹಿಂದೆ ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದವರು. ಧರ್ಮಪುರಿ ಆಗ ಸೇಲಂ ಜಿಲ್ಲೆಯೊಳಗೇ ಇತ್ತು, ಬೇರೆ ಜಿಲ್ಲೆ ಆದದ್ದು 1965ರಲ್ಲಿ. ಪಾನನಿಷೇಧದ ಚರ್ಚೆಯಲ್ಲಿ ಸಾಮಾನ್ಯವಾಗಿ ಬರುವುದು ಕೂಲಿ ಹಣ, ಹೆಂಗಸರ ಕಣ್ಣೀರು, ಸರ್ಕಾರದ ವರಮಾನ. ನೆನಪಿನ ಲೆಕ್ಕ ಯಾರೂ ತೆಗೆದಂತಿಲ್ಲ.

ಮದ್ಯವೂ ಗಾಬಾವನ್ನೇ ಬಲಪಡಿಸುತ್ತದೆ, ಜೊತೆಗೆ ಕಲಿಕೆಗೆ ಬೇಕಾದ ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕದ ಬಾಗಿಲನ್ನೂ ಮುಚ್ಚುತ್ತದೆ. ರಕ್ತದಲ್ಲಿ ಮದ್ಯ ಬೇಗ ಏರಿದರೆ, ಅಂದರೆ ಹಸಿದ ಹೊಟ್ಟೆಯಲ್ಲಿ ಗಟಗಟ ಕುಡಿದರೆ, ಮನುಷ್ಯ ನಡೆಯುತ್ತಾನೆ, ಮಾತಾಡುತ್ತಾನೆ, ಹಾಡುತ್ತಾನೆ, ಜಗಳ ಕಾಯುತ್ತಾನೆ. ಬೆಳಿಗ್ಗೆ ಅದರಲ್ಲಿ ಒಂದೂ ಇರುವುದಿಲ್ಲ. “ಸುಳ್ಳು ಹೇಳ್ತಾನೆ, ಎಲ್ಲಾ ಗ್ಯಾನ ಇತ್ತು ಅವನಿಗೆ” ಅನ್ನುತ್ತಾಳೆ ಹೆಂಡತಿ. ಅವಳ ಮಾತು ಅರ್ಧ ನಿಜ. ಎಚ್ಚರ ಎಂಬ ಅರ್ಥದಲ್ಲಿ ಗ್ಯಾನ ಇತ್ತು, ನೆನಪು ಎಂಬ ಅರ್ಥದಲ್ಲಿ ಇರಲಿಲ್ಲ. ಅವನು ಮಾಡಿದ ತಪ್ಪು ಇದರಿಂದ ಕಡಿಮೆ ಆಗುವುದಿಲ್ಲ, ಅದು ಬೇರೆ ಮಾತು.

ವರ್ಷಗಟ್ಟಲೆಯ ಕುಡಿತ ಇದಕ್ಕಿಂತ ಕೆಟ್ಟದ್ದು. ಊಟ ಬಿಟ್ಟು ಕುಡಿದವರಲ್ಲಿ ಥಯಮಿನ್ ಎಂಬ ವಿಟಮಿನ್ ಬತ್ತಿ ಮಿದುಳಿನ ಒಳಭಾಗಕ್ಕೇ ಹಾನಿಯಾಗುತ್ತದೆ. ರಷ್ಯದ ಸೆರ್ಗೆಯ್ ಕೊರ್ಸಕಾಫ್ 1880ರ ದಶಕದಲ್ಲಿ ಇದನ್ನು ವಿವರಿಸಿದ. ಇಲ್ಲಿ ಹೊಸದೂ ನಿಲ್ಲದು, ಹಳೆಯದರಲ್ಲೂ ತೂತು ಬೀಳುತ್ತದೆ. ಆ ತೂತನ್ನು ರೋಗಿ ತನಗೇ ಗೊತ್ತಿಲ್ಲದೆ ಕಥೆಯಿಂದ ತುಂಬುತ್ತಾನೆ. ಸುಳ್ಳು ಹೇಳುವ ಉದ್ದೇಶ ಅವನಿಗಿಲ್ಲ. ಜಾನಪದದವರಾದ ನಾವು ಪಾಠಾಂತರ ಕಂಡರೆ ಕುಣಿಯುತ್ತೇವಲ್ಲ, ಎಲ್ಲ ಪಾಠಾಂತರವೂ ಪರಂಪರೆಯ ಸೃಜನಶೀಲತೆ ಅಲ್ಲ ಎಂಬ ಎಚ್ಚರ ಬೇಕು. ಅದೇ ಕಥೆಯನ್ನು ಅದೇ ಊರಿನ ಇನ್ನಿಬ್ಬರ ಬಾಯಲ್ಲಿ ಕೇಳುವುದೊಂದೇ ದಾರಿ.

ಉಮ್ಮತ್ತಿ ಗಿಡ ನಮ್ಮ ಹಿತ್ತಲಲ್ಲೂ ಇದೆ, ಶಿವನ ತಲೆಯ ಮೇಲೂ ಇದೆ. ಕೆಲವರು ದತ್ತೂರಿ ಅನ್ನುತ್ತಾರೆ. ಅದರೊಳಗಿನ ಸ್ಕೋಪೊಲಮೀನ್‌ನದು ಬೇರೆ ದಾರಿ. ಗಾಬಾದ ಗೊಡವೆಗೆ ಹೋಗದೆ, ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಅನ್ನು ಅದು ತಡೆಯುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಹೆರಿಗೆಗೆ ಮಾರ್ಫಿನ್ ಜೊತೆ ಇದನ್ನು ಕೊಡುತ್ತಿದ್ದರು. ತಾಯಂದಿರು ನೋವಿನಲ್ಲಿ ಕೂಗುತ್ತಿದ್ದರು, ಎದ್ದ ಮೇಲೆ ನೋವೇ ಆಗಲಿಲ್ಲ ಅನ್ನುತ್ತಿದ್ದರು. ನೆನಪಿಲ್ಲದ ನೋವು ನೋವೇ ಅಲ್ಲವಾ? ಹೌದು, ನೋವೇ ಅನ್ನುವುದು ನನ್ನ ಉತ್ತರ. ಅದೇ ಪ್ರಶ್ನೆ ಮುಂದಿನ ಭಾಗದಲ್ಲಿ ಬೇರೆ ರೂಪದಲ್ಲಿ ಬರುತ್ತದೆ.

ಒಪ್ಪಿಗೆ ಕೊಟ್ಟದ್ದು ಯಾರು?

ಸೇಲಂ ಹತ್ತಿರದ ಒಂದು ಮನೆ. ಅಜ್ಜಿಗೆ ಎಂಬತ್ತರ ಮೇಲೆ. ಹಗಲೆಲ್ಲ ಮನೆಯಲ್ಲಿ ಮಗ್ಗದ ಸದ್ದು, ರೆಕಾರ್ಡಿಂಗ್ ಆಗುವುದಿಲ್ಲ. ಹಾಗಾಗಿ ರಾತ್ರಿ ಊಟದ ಮೇಲೆ ಬಾ ಅಂದರು. ಅಜ್ಜಿ ಚೆನ್ನಾಗಿ ಮಾತಾಡಿದರು, ಎರಡು ತೊಟ್ಟಿಲ ಹಾಡು ಹಾಡಿದರು. ಆಮೇಲೆ ಕೇಳದೆಯೇ ಒಂದು ಶೋಕದ ಹಾಡು ಹಿಡಿದರು, ಚಿಕ್ಕ ವಯಸ್ಸಿಗೆ ತೀರಿಕೊಂಡ ತಮ್ಮ ಮಗಳ ಮೇಲೆ ತಾವೇ ಕಟ್ಟಿದ್ದು. ಅನುಮತಿ ಕೇಳಿದ್ದಕ್ಕೆ “ಅದುಕ್ಕೇನವ್ವಾ, ತಗೋ” ಅಂದರು. ಸೊಸೆ ಹೇಳಿದ್ದರಿಂದ ಗೊತ್ತಾಯಿತು, ಹಾಡು ಶುರುವಾಗುವ ಅರ್ಧ ಗಂಟೆ ಮೊದಲು ಮಾತ್ರೆ ತೆಗೆದುಕೊಂಡಿದ್ದರು.

ಮಾರನೇ ದಿನ ಹನ್ನೊಂದು ಗಂಟೆಗೆ ಹೋದೆ. “ನೀ ಯಾರವ್ವಾ? ಯಾರ ಮನೆ ಮಗ್ಳು?” ಅಂದರು. ನಾನು ಬಂದದ್ದೂ ನೆನಪಿಲ್ಲ, ಹಾಡಿದ್ದೂ ಇಲ್ಲ. ತೊಟ್ಟಿಲ ಹಾಡು ಕೇಳಿಸಿದೆ, ನಕ್ಕು, ಜೊತೆಗೆ ಒಂದು ಹೆಚ್ಚಿನ ನುಡಿಯನ್ನೂ ಸೇರಿಸಿ ಹಾಡಿದರು. ಶೋಕದ ಹಾಡು ಕೇಳಿಸಿದಾಗ ಸುಮ್ಮನೆ ಕೂತರು. “ಇದ ನಾ ಯಾರ ಮುಂದೂ ಹಾಡ್ದೋಳಲ್ಲ. ಯಾರ್ಗೂ ಕೇಳುಸ್ಬ್ಯಾಡ” ಅಂದರು. ಅಲ್ಲೇ ಅವರ ಎದುರಿಗೇ ಆ ಕಡತ ಅಳಿಸಿದೆ. ನನ್ನ ಸಂಗ್ರಹದಲ್ಲಿ ಆ ಹಾಡು ಇಲ್ಲ, ಇಲ್ಲಿ ಅದರ ಒಂದು ಪದವನ್ನೂ ಹೇಳುವುದಿಲ್ಲ.

ಈ ಒಂದು ಮನೆಯಲ್ಲಿ ಮೇಲೆ ಹೇಳಿದ್ದೆಲ್ಲ ಇದೆ. ಅರವತ್ತು ವರ್ಷದ ಹಿಂದಿನ ಹಾಡು ಪೂರ್ತಿ ಉಳಿದಿದೆ. ಹಿಂದಿನ ರಾತ್ರಿ ಉಳಿದಿಲ್ಲ. ಸಂಕೋಚದ ಬಾಗಿಲನ್ನು ಮಾತ್ರೆ ಸಡಿಲಿಸಿದೆ, ಅದಕ್ಕೇ ಯಾರ ಮುಂದೂ ಹಾಡದ್ದು ನನ್ನ ಮುಂದೆ ಬಂದಿದೆ. ಅವರ ‘ತಗೋ’ ಎಂಬ ಮಾತು ಧ್ವನಿಮುದ್ರಣದಲ್ಲಿ ಸ್ಪಷ್ಟವಾಗಿತ್ತು. ಆದರೆ ಹಗಲಿನ ಅಜ್ಜಿಗೆ ತಾನು ಏನನ್ನು ಕೊಟ್ಟೆ ಎಂಬುದೇ ಗೊತ್ತಿಲ್ಲದಿದ್ದರೆ, ಹಿಂದಕ್ಕೆ ಕೇಳುವುದಾದರೂ ಹೇಗೆ?

ಹಾಗಾಗಿ ಕ್ಷೇತ್ರಕಾರ್ಯದ ನಮೂನೆಯಲ್ಲಿ ಹೆಸರು, ವಯಸ್ಸು, ಊರಿನ ಜೊತೆ ಯಾವ ಮಾತ್ರೆ, ಎಷ್ಟು ಗಂಟೆಗೆ ಎಂಬ ಸಾಲೂ ಇರಬೇಕು ಅನ್ನುವುದು ನನ್ನ ಕೋರಿಕೆ. ಭೇಟಿ ಬೆಳಗಿನ ಹೊತ್ತು ಏರಿದ ಮೇಲೆ ಇರಲಿ. ರಾತ್ರಿ ಸಿಕ್ಕ ಒಪ್ಪಿಗೆಯನ್ನು ಹಗಲು ಮತ್ತೆ ಕೇಳೋಣ. ಒಂದೇ ಭೇಟಿಯಿಂದ ‘ಮರೆವು’ ಎಂದು ಬರೆಯುವುದು ಬೇಡ.

ಇನ್ನೊಂದು ಕಡೆ ಇದೆ, ಅದು ನನ್ನ ಊಹೆ ಮಾತ್ರ. ಹಾಡು ಹೋಗುತ್ತಿರುವುದು ಹಾಡುವವರ ತುದಿಯಲ್ಲಿ ಎಂದು ನಾವು ಅಂದುಕೊಂಡಿದ್ದೇವೆ. ಹೊಸದನ್ನು ನಿಲ್ಲಿಸಿಕೊಳ್ಳುವ ಶಕ್ತಿಯೇ ಮಂಪರಿಗೆ ಮೊದಲು ಸೋಲುವುದಾದರೆ, ಸರಪಳಿ ತುಂಡಾಗುವುದು ಕಲಿಯುವವರ ತುದಿಯಲ್ಲಿ. ಹಬ್ಬದ ರಾತ್ರಿ ಹಿರಿಯ ಹಾಡುತ್ತಾನೆ, ಸುತ್ತ ಕೂತ ಹುಡುಗರು ಕುಡಿದಿರುತ್ತಾರೆ. ದನಿಗೂಡಿಸುತ್ತಾರೆ, ಕುಣಿಯುತ್ತಾರೆ. ಬೆಳಿಗ್ಗೆಗೆ ಒಂದು ಸಾಲೂ ಉಳಿಯುವುದಿಲ್ಲ. ಹಾಡಿದವನಿಗೆ ಮಾತ್ರ ಎಲ್ಲ ನೆನಪಿದೆ.

ಚರ್ಚೆ

ಸಂಕಿರಣದಲ್ಲಿ ಒಬ್ಬ ಅಧ್ಯಾಪಕರು, ಧ್ವನಿಮುದ್ರಣ ಅಳಿಸಬಾರದಿತ್ತು, ಮುಚ್ಚಿಟ್ಟು ಐವತ್ತು ವರ್ಷದ ಮೇಲೆ ತೆರೆಯಬಹುದಿತ್ತು ಅಂದರು. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಆ ಹಾಡು ಇನ್ನು ಸಿಗುವುದಿಲ್ಲ. ಆದರೂ ಐವತ್ತು ವರ್ಷದ ಷರತ್ತನ್ನು ಅಜ್ಜಿಯ ಮುಂದೆ ಇಟ್ಟಿದ್ದರೆ, ಅದೂ ಅವರಿಗೆ ಮಾರನೇ ದಿನ ನೆನಪಿರುತ್ತಿತ್ತೋ ಇಲ್ಲವೋ. ನಾವಿಬ್ಬರೂ ಈ ವಿಷಯದಲ್ಲಿ ಇನ್ನೂ ಒಪ್ಪಿಲ್ಲ.

ಸಹಪಾಠಿಯೊಬ್ಬಳು ಕೇಳಿದ್ದು: “ಹಾಗಿದ್ರೆ ನಮ್ಮಜ್ಜಿಗೆ ಇವತ್ತಿಂದಲೇ ಮಾತ್ರೆ ನಿಲ್ಸಿಬಿಡು ಅಂತ ಹೇಳ್ಲಾ?” ಬೇಡ, ದಯವಿಟ್ಟು ಬೇಡ. ತಿಂಗಳುಗಟ್ಟಲೆ ತೆಗೆದುಕೊಂಡ ಈ ಗುಂಪಿನ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರೆ ನಡುಕ, ಭ್ರಮೆ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ತೆಲಂಗಾಣದಲ್ಲಿ 2015ರಲ್ಲಿ ಕಲಬೆರಕೆ ಹೆಂಡದ ಮೇಲೆ ಬಿಗಿ ಕ್ರಮ ತೆಗೆದುಕೊಂಡಾಗ, ಆಲ್‌ಪ್ರಾಜೊಲಾಂ, ಡಯಾಜೆಪಾಂ ಬೆರೆಸಿದ ಹೆಂಡಕ್ಕೆ ಒಗ್ಗಿಹೋಗಿದ್ದವರು ಅದು ಸಿಗದೆ ಹೀಗೇ ಆಸ್ಪತ್ರೆ ಸೇರಿದರು. ಮಾತ್ರೆಯನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸಬೇಕು, ಅದು ಡಾಕ್ಟರ ಕೆಲಸ. ಆಲ್‌ಪ್ರಾಜೊಲಾಂ, ಡಯಾಜೆಪಾಂ ಮಾತ್ರೆಗಳು ಎಚ್-1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಮಾರುವಂತಿಲ್ಲ, ಮೆಡಿಕಲ್ ಶಾಪಿನವರು ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ಹಳೆಯ ಚೀಟಿಯನ್ನೇ ತೋರಿಸಿ ವರ್ಷಾನುಗಟ್ಟಲೆ ತರುವ ಮನೆಗಳನ್ನು ನಾನೇ ನೋಡಿದ್ದೇನೆ. ನಿಮ್ಮಜ್ಜಿಯ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ವರ್ಷದಿಂದ, ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ. ಹೊಸ ಮೊಮ್ಮಗುವಿನ ಹೆಸರು ನಿಲ್ಲುತ್ತಿಲ್ಲ, ಹಳೆಯ ಹಾಡು ಬರುತ್ತಿದೆ ಎಂಬುದನ್ನೂ ಸೇರಿಸಿ. ಆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಮರೆವಿನ ಕಾಯಿಲೆಯೋ ಮಾತ್ರೆಯ ಮಂಪರೋ ಅಂತ ಬೇರ್ಪಡಿಸಲು ಅವರಿಗೆ ಅದು ಬೇಕಾಗುತ್ತದೆ.